ಕಿವಿಬಟ್ಟಲಿನ ತಳದ ಹೆಸರು

"ಇದನ್ನ ಬರದಾಂವ ನಾನ ರೀ, ಮೇಡಂ."

ಹಣಮಪ್ಪ ಬಟ್ಟಲನ್ನು ಬೋರಲು ಹಾಕಿ, ತಳದ ಅಕ್ಷರಗಳ ಮೇಲೆ ಹೆಬ್ಬೆರಳು ಸವರುತ್ತಾ ಹೇಳಿದ. ಎಷ್ಟು ಸಲೀಸಾಗಿ ಹೇಳಿದನೆಂದರೆ, ರಾಜಶ್ರೀಗೆ ಒಂದು ಗಳಿಗೆ ಅದು ಅರ್ಥವೇ ಆಗಲಿಲ್ಲ.

ಬೆಳಗಿನಿಂದ ಅವಳು ಹನ್ನೊಂದು ಪಾತ್ರೆ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದಿದ್ದಳು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆರು, ಬನಶಂಕರಿಯಲ್ಲಿ ನಾಲ್ಕು, ಕೊನೆಗೆ ಸಾರಕ್ಕಿ ಮಾರ್ಕೆಟ್ಟಿನ ಈ ಒಂದು. ಎಲ್ಲ ಕಡೆಯೂ ಬಟ್ಟಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಅಲ್ಯೂಮಿನಿಯಮ್ಮಾ?" ಎಂದು ಕೇಳಿ ವಾಪಸು ಕೊಟ್ಟಿದ್ದರು. ಒಬ್ಬನಂತೂ, "ಹಳೇದು ಹಾಕಿ ಹೊಸ ಸ್ಟೀಲ್ ಬಟ್ಟಲು ತಗೊಂಡ್ ಹೋಗಿ ಅಕ್ಕ" ಎಂದು ತಕ್ಕಡಿಯನ್ನೇ ಎಳೆದುಕೊಂಡಿದ್ದ.

ಕಥೆ ಇಷ್ಟು: ಪ್ರೊಫೆಸರ್ ರಾಮಪ್ರಸಾದರ ಗಾಜಿನ ಬೀರುವಿನಲ್ಲಿದ್ದ ಇನ್ನೂರಮೂವತ್ತು ವರ್ಷದ ಅಮೆರಿಕದ ಬಟ್ಟಲು ಮಾಯವಾಗಿ, ಅದರ ಜಾಗದಲ್ಲಿ ಈ ನಕಲಿ ಬಂದು ಕೂತಿತ್ತು, ಕಳ್ಳಿ ಎಂಬ ಹೆಸರು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಮಂಗಮ್ಮನ ತಲೆಗೆ ಬಂದಿತ್ತು. ಬಟ್ಟಲು ಹುಡುಕಿಕೊಡಲೆಂದು ಪ್ರೊಫೆಸರ್ ಕರೆಸಿದ್ದ ಖಾಸಗಿ ಪತ್ತೇದಾರಿಣಿ ರಾಜಶ್ರೀ.

"ಸರಿಯಾಗಿ ನೋಡಿ ಹಣಮಪ್ಪ. ನಿಮ್ಮ ಕೈಯೇ ಅಂತ ಹೇಗೆ ಹೇಳ್ತೀರಿ?"

"ನನ್ನ ಕೈ ನನಗ ಗೊತ್ತಾಗೂದಿಲ್ಲೇನ್ರಿ?" ಹಣಮಪ್ಪನಿಗೆ ಸಿಟ್ಟೇ ಬಂತು. ಬಾದಾಮಿ ಕಡೆಯಿಂದ ಬಂದು ಮೂವತ್ತು ವರ್ಷ ಇದೇ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು, ಪಾತ್ರೆ ಕೊಂಡವರಿಗೆ ಹೆಸರು ಬರೆದುಕೊಡುತ್ತಿದ್ದವ ಅವನು. "ಮೊದಲಿನ ಮಂದಿ ಉಳಿ ಇಟ್ಟು ಸುತ್ತಿಗಿಲೆ ಕುಟ್ಟತಿದ್ರು. ಅಕ್ಷರ ಚುಕ್ಕಿ ಚುಕ್ಕಿ ಬರತಿತ್ತು. ಈಗ ಮಶಿನ್. ಆ ಅಮ್ಮಾರು ಚುಕ್ಕಿನ ಬೇಕು ಅಂತ ಹಟಾ ಹಿಡದ್ರು. ನಾ ಮಶಿನ್ ಎತ್ತಿ ಎತ್ತಿ ಇಟ್ಟು, ಚುಕ್ಕಿ ಮಾಡಿಕೊಟ್ಟೆ. ನೋಡ್ರಿ, ಎಲ್ಲಾ ಚುಕ್ಕಿನೂ ಒಂದ ಅಳತಿ. ಉಳೀಲೆ ಕುಟ್ಟಿದ್ರ ಹಿಂಗ ಬರೂದಿಲ್ಲ."

"ಆ ಅಮ್ಮಾರು ಅಂದ್ರೆ ಯಾರು?"

"ಹೆಸರು ಕೇಳ್ತೀವೇನ್ರಿ? ಗೌರಿ ಹಬ್ಬದ ಹೊತ್ತಿಗೆ ಬಂದಿದ್ರು. ಟ್ರೇಸಿಂಗ್ ಪೇಪರ್‌ನ್ಯಾಗ ಅಕ್ಷರ ತಂದಿದ್ರು. 'ಪಂ. ರಾ. ೧೯೮೫.' ನಾ ನಕ್ಕೆ. ಹೊಸಾ ಬಟ್ಟಲಕ್ಕ ಹಳೀ ಇಸ್ವಿ ಯಾಕ್ರಿ ಅಂತ ಕೇಳಿದೆ. 'ನಿನ್ನ ಕೆಲಸ ನೀನು ಮಾಡಪ್ಪ' ಅಂದ್ರು."

ರಾಜಶ್ರೀ ಫೋನ್ ತೆಗೆದಳು. ಮಂಗಮ್ಮನ ಫೋಟೋ ತೋರಿಸಿದಳು. ಮೂರು ದಿನದಿಂದ ಅವಳು ನಂಬಿಕೊಂಡಿದ್ದು ಒಂದೇ, ಈ ಹೆಂಗಸು ಕದ್ದಿಲ್ಲ ಎಂದು.

"ಇವರಲ್ಲ ಬಿಡ್ರಿ. ಇವರು ನಮ್ಮ ಸಾರಕ್ಕಿಯವರ. ಚಿಕ್ಕಬೈರಪ್ಪನವರ ಮನಿಯವರು. ಇವರು ಬಂದಿದ್ರ ಗುರುತು ಸಿಗೂದಿಲ್ಲೇನು?"

ಉಸಿರು ಬಿಟ್ಟು ಅವಳು ಫೋನ್ ಒಳಗಿಡಲು ಹೋದಾಗ ಬೆರಳು ಜಾರಿ ಮುಂದಿನ ಫೋಟೋ ಬಂತು. ಪ್ರೊಫೆಸರರ ಎಪ್ಪತ್ತರ ಶಾಂತಿಯಲ್ಲಿ ತೆಗೆದದ್ದು. ಗಂಡನ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟು, ಮೂಗಿನ ಎರಡೂ ಬದಿಗೆ ಮೂಗುಬೊಟ್ಟು ಇಟ್ಟುಕೊಂಡು ಕೂತ ಪಂಕಜಾ.

"ಇವರ!" ಹಣಮಪ್ಪ ಸ್ಟೂಲಿನಿಂದ ಅರ್ಧ ಎದ್ದ. "ಇವರ ನೋಡ್ರಿ ಆ ಅಮ್ಮಾರು!"

*

ನಾಲ್ಕು ಗಂಟೆ ಐವತ್ತು ನಿಮಿಷ. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋ ನಿಂತು ಹತ್ತು ನಿಮಿಷವಾಗಿತ್ತು. ಹಸಿರು ಬರುತ್ತಿತ್ತು, ಹೋಗುತ್ತಿತ್ತು, ಆಟೋ ಮಾತ್ರ ಇದ್ದಲ್ಲೇ ಇತ್ತು.

"ಬೇರೆ ದಾರಿ ಇಲ್ವಾ ಅಣ್ಣ?"

"ಇದೆ ಮೇಡಂ. ಮೇಲೆ ಮೆಟ್ರೋ ಹೋಗ್ತೈತಲ್ಲ, ಅದೇ. ಆಟೋ ಹತ್ತಲ್ಲ ಅಷ್ಟೇ."

ಅವಳಿಗೆ ನಗು ಬರಲಿಲ್ಲ. ಆರು ಗಂಟೆಗೆ ಪ್ರೊಫೆಸರ್ ಲಿಖಿತ ದೂರು ಹಿಡಿದು ಠಾಣೆಗೆ ಹೋಗುವವರಿದ್ದರು. ಬೆಳಿಗ್ಗೆಯೇ ಹೋಗಬೇಕೆಂದಿದ್ದವರನ್ನು ತಡೆದದ್ದು ಪಂಕಜಾ: ಬೆಳಿಗ್ಗೆ ಊಟ ಮುಗಿಯಲಿ ಎಂದರು, ಮಧ್ಯಾಹ್ನ ಬಿಸಿಲು ಎಂದರು, ಆಮೇಲೆ ಭಾನುವಾರ ನಾಲ್ಕೂವರೆಯಿಂದ ಆರರ ತನಕ ರಾಹುಕಾಲ, ಆ ಹೊತ್ತಿನಲ್ಲಿ ಹೊಸ್ತಿಲು ದಾಟಕೂಡದು ಎಂದರು. ಲೋಹಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಪ್ರೊಫೆಸರ್, "ನಾನ್‌ಸೆನ್ಸ್" ಎಂದು ಗೊಣಗಿ ಒಪ್ಪಿಕೊಂಡಿದ್ದರು. ಹೆಂಗಸಿನ ದೈವಭಕ್ತಿ ಎಂದುಕೊಂಡಿದ್ದಳು ರಾಜಶ್ರೀ. ಅವರು ಹೊತ್ತು ತಳ್ಳುತ್ತಿದ್ದಾರೆಂಬುದು ಕಣ್ಣ ಮುಂದೆಯೇ ಇತ್ತು, ಅವಳಿಗೆ ಹೊಳೆದಿರಲಿಲ್ಲ.

ಮಡಿಲಲ್ಲಿದ್ದ ಬಟ್ಟಲನ್ನು ನೋಡಿದಳು. ಅಂಗೈಯಗಲದ ಬಟ್ಟಲು, ಪಕ್ಕದಲ್ಲಿ ಹೂಬಳ್ಳಿಯಂತೆ ಕೊರೆದ ಚಪ್ಪಟೆ ಹಿಡಿ. ಆ ಹಿಡಿ ಕಿವಿಯಂತೆ ಕಾಣುವುದರಿಂದ ಮನೆಯವರೆಲ್ಲ ಇದನ್ನು ಕಿವಿಬಟ್ಟಲು ಎನ್ನುತ್ತಿದ್ದರು. ಲೋಹದ ಹೆಸರು ಪ್ಯೂಟರ್. ಮುಕ್ಕಾಲು ಪಾಲಿಗೂ ಹೆಚ್ಚು ತವರ, ಉಳಿದದ್ದು ಬೆರಕೆ.

ಪ್ರೊಫೆಸರ್ ಅಸಲಿ ಬಟ್ಟಲಿನ ಹುಟ್ಟನ್ನು ಹೇಳಿದ್ದು ಪಾಠದ ಹಾಗಲ್ಲ. ರಾಜಶ್ರೀಯ ಮನಸ್ಸಿನಲ್ಲಿ ಅದು ಹಾಸಿಗೆಯಲ್ಲಿ ಮಲಗಿ ಕೇಳಿದ ಕಥೆಯ ಹಾಗೆಯೇ ಉಳಿದಿತ್ತು. ಸಮುದ್ರದಾಚೆಯ ಒಂದು ದೇಶ, ಅಲ್ಲಿ ಕನೆಕ್ಟಿಕಟ್ ಎಂಬ ನದಿ, ನದಿಯ ದಂಡೆಯಲ್ಲಿ ಟಿಲ್‌ಕಾಟ್ ಎಂಬ ಎರಕದವ. ಅವನ ಆಸ್ತಿಯೆಂದರೆ ಅಪ್ಪ ಬಿಟ್ಟುಹೋದ ಎರಡು ಹಿತ್ತಾಳೆಯ ಅಚ್ಚು. ತವರ ಅವನ ನೆಲದಲ್ಲಿ ಹುಟ್ಟುವುದಿಲ್ಲ, ಹಡಗಿನಲ್ಲಿ ಬರಬೇಕು. ಹಾಗಾಗಿ ಊರಿನ ಹೆಂಗಸರು ಬಗ್ಗಿದ ತಟ್ಟೆ, ತೂತುಬಿದ್ದ ಲೋಟ ತಂದು ಅವನ ಜಗಲಿಯ ಮೇಲೆ ಸುರಿಯುವರು. ಅವನು ಅದನ್ನೇ ಕರಗಿಸಿ, ಅಚ್ಚಿಗೆ ಹೊಯ್ದು, ಹೊಸ ಬಟ್ಟಲು ಮಾಡಿ, ರೆಕ್ಕೆ ಬಿಚ್ಚಿದ ಹದ್ದಿನ ಮುದ್ರೆಯನ್ನು ಒತ್ತಿ ಕೊಡುವನು. ಅಜ್ಜಿಯ ತಟ್ಟೆ ಮೊಮ್ಮಗಳ ಬಟ್ಟಲಾಗುವುದು. ಅದಕ್ಕೇ ಆ ಕಾಲದ ಪಾತ್ರೆಗಳು ಇವತ್ತು ಬೆರಳೆಣಿಕೆಯಷ್ಟೇ ಉಳಿದಿವೆ. ಮಿಕ್ಕವೆಲ್ಲ ಒಂದರೊಳಗೊಂದು ಕರಗಿಹೋದವು.

ಟಿಲ್‌ಕಾಟನ ಪಕ್ಕದ ಬೀದಿಯಲ್ಲಿ ಬೆಳ್ಳಿ ಕೆಲಸದವನೊಬ್ಬ. ಅವನು ನಾಣ್ಯಗಳನ್ನು ಕರಗಿಸಿ ಚಮಚ ಬಡಿಯುವನು. ಹಿಡಿಯ ಮೇಲೆ ಗಂಡ ಹೆಂಡಿರ ಹೆಸರಿನ ಮೊದಲಕ್ಷರ ಕೊರೆಯುವನು, ಕಳುವಾದರೂ ಗುರುತು ಸಿಗಲೆಂದು. ರಾಮಪ್ರಸಾದರು ಓದಲು ಹೋದಾಗ ಅವರಿಗೆ ಕೋಣೆ ಕೊಟ್ಟಿದ್ದ ಮುದುಕಿ, ಬರುವಾಗ ಅಂಥ ಆರು ಚಮಚ ಮತ್ತು ಒಂದು ಕಿವಿಬಟ್ಟಲನ್ನು ಉಡುಗೊರೆಯಾಗಿ ಕೊಟ್ಟಿದ್ದಳು.

ಆ ಬಟ್ಟಲಿಗೂ ಜಯನಗರದಲ್ಲಿ ಹೆಸರು ಬಿತ್ತು. ಎಂಬತ್ತೈದರಲ್ಲಿ, ಹೊಸ ತಿಂಡಿ ಡಬ್ಬಿಗಳಿಗೆ ಹೆಸರು ಹಾಕಿಸಲು ಹೋದ ಪಂಕಜಾ, ಬಟ್ಟಲನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಹದ್ದಿನ ಮುದ್ರೆಯ ಪಕ್ಕದಲ್ಲೇ 'ಪಂ. ರಾ. ೧೯೮೫' ಎಂದು ಕುಟ್ಟಿಸಿಕೊಂಡು ಬಂದಿದ್ದರು. ಪ್ರೊಫೆಸರ್ ನಾಲ್ಕು ದಿನ ಮಾತು ಬಿಟ್ಟಿದ್ದರಂತೆ.

ಕಳ್ಳ ಬೆಳ್ಳಿ ಚಮಚ ಆರನ್ನೂ ಬಿಟ್ಟು, ಮಂಕು ಬಟ್ಟಲನ್ನು ಒಯ್ದಿದ್ದ. ಬೆಲೆ ಗೊತ್ತಿದ್ದವನ ಕೈ ಅದು ಎಂದು ರಾಜಶ್ರೀ ಮೊದಲ ದಿನವೇ ಹೇಳಿದ್ದಳು. "ನಮ್ಮ ಮಂಗಮ್ಮ ಬುದ್ಧಿವಂತೆ ರೀ" ಎಂದಿದ್ದರು ಪ್ರೊಫೆಸರ್, ಹೊಗಳಿದ ಹಾಗೆ. ಮೊನ್ನೆ, ವಿದೇಶದ ಸಂಗ್ರಹಾಲಯವೊಂದು ಪ್ರದರ್ಶನಕ್ಕೆ ಕೇಳಿತೆಂದು ಬಟ್ಟಲನ್ನು ಹೊರತೆಗೆದಾಗಲೇ ಅವರಿಗೆ ಮೋಸ ತಿಳಿದದ್ದು. ಹೇಗೆ ತಿಳಿಯಿತೆಂದು ರಾಜಶ್ರೀಗೂ ಮಾಡಿ ತೋರಿಸಿದ್ದರು. ಬಿಳಿ ಲಕೋಟೆಯ ಹಿಂಬದಿಗೆ ಬಟ್ಟಲಿನ ಅಂಚನ್ನು ಒತ್ತಿ ಎಳೆದಿದ್ದರು. "ನನ್ನ ಬಟ್ಟಲಿನಲ್ಲಿ ಸೀಸ ಬೆರೆತಿತ್ತು. ಹೀಗೆ ಎಳೆದ್ರೆ ಪೆನ್ಸಿಲ್ ಥರ ಗೆರೆ ಬೀಳೋದು. ಈಗಿನವರು ಸೀಸ ಹಾಕಲ್ಲ. ನೋಡಿ, ಏನೂ ಇಲ್ಲ."

ಫೋನ್ ಬಡಿದುಕೊಂಡಿತು. ಮಂಗಮ್ಮ.

"ಮೇಡಮ್ಮೋರೇ, ಎಲ್ಲಿದೀರ? ನಮ್ ಬೀದೀಗೆ ಪ್ರೊಪೇಸ್ರ ಕಾರ್ ಬಂದೈತೆ ಕಣವ್ವ. ಆ ಮಾಧವಪ್ಪನೂ ಅವ್ನೆ."

ಮಾಧವ ಎಂದರೆ ಪಂಕಜಾರ ಅಣ್ಣನ ಮಗ. ಮಂಗಮ್ಮನ ಹೆಸರನ್ನು ಮೊದಲು ಎತ್ತಿದವನು ಅವನೇ.

"ಆರು ಗಂಟೆ ತನಕ ಅವರು ಮನೆಯಿಂದ ಹೊರಡಲ್ಲ ಅಂದಿದ್ರಲ್ಲ!"

"ನಂಗೇನ್ ಗೊತ್ತು? ನಮ್ ಬಾಡಿಗೇರು ನಾಕು ಮನೆಯೋರೂ ಬಾಗ್ಲಲ್ಲಿ ನಿಂತು ನೋಡ್ತವ್ರೆ. ಮದ್ವೆ ಆಗಿ ಬಂದಾಗ್ನಿಂದ ಈ ಬೀದೀಲಿ ತಲೆ ಎತ್ಕೊಂಡು ಓಡಾಡಿವ್ನಿ. ಆ ಮನೇಲಿ ದುಡೀಬೇಕು ಅಂತ ನಂಗೇನ್ ಕಷ್ಟ ಇತ್ತು ಹೇಳಿ? ಅಮ್ಮಾವ್ರು ಒಬ್ರೇ ಅಡಿಗೆ ಮನೇಲಿ ಬೇಜಾರ್ ಮಾಡ್ಕೋತಾರೆ ಅಂತ ಹೋಗ್ತಿದ್ದೆ. ಇವತ್ತು ಕಳ್ಳಿ ಅಂದ್ಬುಟ್ರೆ ನಾಳೆ ನಾನು ಆ ನಲ್ಲಿ ತಾವ ಹೆಂಗ್ ನಿಲ್ಲಲಿ?"

"ಮಂಗಮ್ಮ, ಕೇಳಿ. ನನಗೆ ಸಿಕ್ಕಿದೆ. ಇನ್ನೊಂದು ಗಂಟೆ. ನಿಮ್ಮ ಹೆಸರಿಗೆ ಅಂಟಿದ್ದನ್ನ ನಾನು ತೊಳ್ಕೊಡ್ತೀನಿ. ಏನೂ ಮಾತಾಡಬೇಡಿ, ಯಾವ ಕಾಗದಕ್ಕೂ ಸೈನ್ ಹಾಕಬೇಡಿ."

ಲೈನ್ ಕಟ್ಟಾಯಿತು. ಮಂಗಮ್ಮನ ಮನೆ ಇಲ್ಲಿಂದ ನಡೆದರೆ ಹತ್ತು ನಿಮಿಷ. ಇಳಿದುಬಿಡಲೇ ಎಂದುಕೊಂಡಳು. ಇಳಿದು ಏನು ಹೇಳುವುದು? 'ನಿಮ್ಮ ಹೆಂಡತಿಯೇ ಸಾರ್' ಎಂದು ಬೀದಿಯಲ್ಲಿ? ಮೊದಲು ಪಂಕಜಾರ ಬಾಯಿಂದ ಮಾತು ಬರಬೇಕು.

ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು. ಆಟೋ ರಾಗಿಗುಡ್ಡದ ಕಡೆ ಹೊರಳಿತು.

*

"ಕಾಫಿ ಮಾಡ್ಲಾ, ಇಲ್ಲಾ ಮಜ್ಜಿಗೆ ತಗೋತೀಯಾ?"

"ಏನೂ ಬೇಡ ಆಂಟಿ."

"ಬಿಸಿಲಲ್ಲಿ ಬಂದಿದೀಯ. ಮುಖ ನೋಡು ಹೇಗೆ ಬಾಡಿದೆ. ಒಂದ್ ಲೋಟ ಮಜ್ಜಿಗೆ..."

"ಆಂಟಿ, ಹಣಮಪ್ಪ ನಿಮ್ಮ ಫೋಟೋ ಗುರುತು ಹಿಡಿದ್ರು."

ಪಂಕಜಾ ಮಜ್ಜಿಗೆ ಕಡೆಯುವ ಕಡಗೋಲನ್ನು ಪಾತ್ರೆಯಲ್ಲೇ ಬಿಟ್ಟರು. ಹಣಮಪ್ಪ ಯಾರು ಎಂದು ಕೇಳಲಿಲ್ಲ. ಅದೇ ಉತ್ತರವಾಗಿತ್ತು.

ಅಡುಗೆಮನೆ ಸಣ್ಣದು, ಅಚ್ಚುಕಟ್ಟು. ಗೋಡೆಯ ಉದ್ದಕ್ಕೂ ಹೆಸರು ಹಾಕಿಸಿದ ಡಬ್ಬಿಗಳ ಸಾಲು. ರಾಜಶ್ರೀ ನಕಲಿ ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟಳು.

"ಅಸಲಿ ಎಲ್ಲಿ?"

"ಯಾವ ಅಸಲಿ?"

"ಆಂಟಿ, ಈಗ ಸಾರ್ ಮತ್ತು ಮಾಧವ ಮಂಗಮ್ಮನ ಮನೆ ಬಾಗಿಲಲ್ಲಿದ್ದಾರೆ."

"ಅಲ್ಲಿಗೆ ಹೋದ್ರಾ?" ಪಂಕಜಾರ ಮುಖ ಇಳಿಯಿತು. "ಈಗ ರಾಹುಕಾಲ ಅಂತ ಹೇಳಿದ್ದೆ. ಠಾಣೆಗಲ್ಲ, ಪಾರ್ಕಿಗೆ ವಾಕಿಂಗ್ ಅಂತ ಕಾರ್ ತಗೊಂಡು ಹೊರಟ್ರು."

"ಇಪ್ಪತ್ತೆರಡು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ಅಡುಗೆ ಮಾಡಿದವರು. ಅವರನ್ನ ಇವತ್ತು ಪೊಲೀಸ್ ಜೀಪ್ ಹತ್ತಿಸ್ತಾರೆ. ನೀವು ನನಗೆ ಮಜ್ಜಿಗೆ ಬೇಕಾ ಅಂತ ಕೇಳ್ತಾ ಇದೀರ."

ಪಂಕಜಾ ಮೆಲ್ಲಗೆ ಬಾಗಿ, ಕಟ್ಟೆಯ ಕೆಳಗಿನ ಗೂಡಿನಿಂದ ಹಳೆಯ ಕಾಫಿಪುಡಿ ಡಬ್ಬಿಯೊಂದನ್ನು ಎಳೆದರು. ಅದರೊಳಗಿನಿಂದ ಒಂದು ಬಟ್ಟೆ ಗಂಟು. ಗಂಟಿನೊಳಗೆ, ದೋಸೆ ಹಿಟ್ಟು ಚೆಲ್ಲಿ ಒಣಗಿದ ಹಾಗೆ, ಬೂದು ಬಣ್ಣದ ಒಂದು ಲೋಹದ ಮುದ್ದೆ.

"ಇದೇ ಕಣಮ್ಮ."

ರಾಜಶ್ರೀ ಮುದ್ದೆಯನ್ನು ಕೈಗೆತ್ತಿಕೊಂಡಳು.

"ನಮ್ಮಮ್ಮನ ಮನೇಲಿ ಈಯದ ಚೊಂಬು ಇತ್ತು. ತವರದ್ದು. ಅದರಲ್ಲಿ ಸಾರು ಕುದಿಸಿದ್ರೆ ಬೀದಿ ತುದಿ ತನಕ ಘಮ. ಇದೂ ಮುಕ್ಕಾಲು ತವರವೇ ಅಂತ ಅವರೇ ಹೇಳ್ತಿದ್ರಲ್ಲ. ನಲವತ್ತು ವರ್ಷ ಆ ಗಾಜಿನ ಬೀರುವಲ್ಲಿ ಇಟ್ಟು ಪೂಜೆ ಮಾಡಿದಾರೆ. ಮುಟ್ಟಬೇಡ, ಸೀಸ ಇದೆ, ವಿಷ ಅನ್ನೋದು. ಬಂದೋರಿಗೆಲ್ಲ ತೋರಿಸೋದು, ನಾನು ಕಾಫಿ ತಂದುಕೊಡೋದು. ಆ ಊರಿನ ಹೆಂಗಸರು ಅದರಲ್ಲೇ ಉಂಡಿಲ್ವಾ? ಬಟ್ಟಲು ಅಂದ್ಮೇಲೆ ಒಂದು ಸಲ ಆದ್ರೂ ಅಡುಗೆಮನೆ ನೋಡ್ಬೇಕಲ್ವೇನಮ್ಮ?"

"ಸಾರು ಮಾಡಿದ್ರಾ?"

"ಸಾರು ಮಾಡಿದ್ರೆ ಉಳೀತಿತ್ತು!" ಪಂಕಜಾ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು. "ಈಯದ ಪಾತ್ರೆಗೆ ಒಳಗೆ ನೀರು ಇರಬೇಕು, ಆಮೇಲೆ ಒಲೆ ಹಚ್ಚಬೇಕು. ಅಷ್ಟು ಗೊತ್ತಿಲ್ದೇ ಇರೋಳಾ ನಾನು? ಆದ್ರೆ ಆವತ್ತು ಒಗ್ಗರಣೆ ಸೌಟು ಪಕ್ಕದ ಮನೆ ಪಾರ್ವತಮ್ಮ ತಗೊಂಡು ಹೋಗಿದ್ರು. ಎರಡು ಚಮಚ ತುಪ್ಪ ಇದೆಯಲ್ಲ, ಒಂದು ನಿಮಿಷದ ಕೆಲಸ ಅಂತ ಇಟ್ಟೆ. ಸಾಸಿವೆ ಸಿಡಿಯೋ ಹೊತ್ತಿಗೆ ಅಂಚು ಬಾಗಿತು. ನೋಡ್ತಾ ನೋಡ್ತಾ ಪಾದರಸದ ಥರ ಬರ್ನರ್ ಒಳಗೆ ಇಳಿದು ಹೋಯ್ತು. ಕಿವಿ ಮಾತ್ರ ಒಂದು ಕ್ಷಣ ಮೇಲೆ ನಿಂತಿತ್ತು. ಆಮೇಲೆ ಅದೂ ಇಲ್ಲ."

"ಮಂಗಮ್ಮ?"

"ಅವಳು ಗೌರಿ ಹಬ್ಬಕ್ಕೆ ಅಂತ ಆವತ್ತು ಬಂದಿರಲಿಲ್ಲ. ಮಾಧವನ ಹತ್ರ ಅತ್ತುಕೊಂಡು ಹೇಳಿದೆ. ಅದರ ಥರದ್ದೇ ಹೊಸದು ಅಮೆರಿಕದಲ್ಲಿ ಸಿಗುತ್ತೆ ಅತ್ತೆ, ಆನ್‌ಲೈನಲ್ಲಿ ತರಿಸ್ತೀನಿ ಅಂದ. ಹದ್ದಿನ ಮುದ್ರೇನೂ ಇತ್ತು ಅದರಲ್ಲಿ. ತಿಂಡಿ ಡಬ್ಬಿಯಿಂದ ಅಕ್ಷರದ ಅಚ್ಚು ತೆಗೆದು ಹೆಸರು ನಾನೇ ಹಾಕಿಸ್ಕೊಂಡು ಬಂದೆ. ಅವರಿಗೆ ಗೊತ್ತಾಗಲ್ಲ ಅಂದ್ಕೊಂಡೆ."

"ಮಂಗಮ್ಮನ ಮೇಲೆ ಬಂದಾಗಲಾದರೂ ಹೇಳಬಹುದಿತ್ತಲ್ಲ ಆಂಟಿ!"

"ಹೇಳಬೇಕು ಅಂತ ದಿನಾ ರಾತ್ರಿ ಅಂದ್ಕೋತೀನಿ. ಒಂದು ಹೆಸರು ಬರೆಸಿದ್ದಕ್ಕೆ ನಾಲ್ಕು ದಿನ ಮಾತಾಡ್ಲಿಲ್ಲ ಅವರು. ಕರಗಿಸಿದೆ ಅಂದ್ರೆ?" ಅವರ ಕಣ್ಣು ತುಂಬಿತ್ತು. "ಆಯ್ತು. ಬರಲಿ. ಇವತ್ತು ಹೇಳಿಬಿಡ್ತೀನಿ. ಮಂಗಿ ಪಾಪ."

ರಾಜಶ್ರೀಯ ಎದೆಯ ಮೇಲಿಂದ ಕಲ್ಲು ಸರಿದಂತಾಯಿತು. ಮುಗಿಯಿತು. ಕಳ್ಳತನವೇ ಇಲ್ಲ, ಒಂದು ಒಗ್ಗರಣೆ ಅಷ್ಟೇ. ಪ್ರೊಫೆಸರರಿಗೆ ತೋರಿಸಲು ಸಿದ್ಧವಿರಲಿ ಎಂದು, ಫ್ರಿಜ್ಜಿನ ಮೇಲಿದ್ದ ಮದುವೆ ಕರೆಯೋಲೆಯ ಬಿಳಿ ಹಿಂಬದಿಗೆ ಮುದ್ದೆಯ ಅಂಚನ್ನು ಒತ್ತಿ ಎಳೆದಳು.

ಏನೂ ಬೀಳಲಿಲ್ಲ.

ಮತ್ತೆ ಎಳೆದಳು, ಗಟ್ಟಿಯಾಗಿ. ಮುದ್ದೆಯನ್ನು ತಿರುಗಿಸಿ, ಹೊಳೆಯುವ ಕಡೆಯಿಂದ. ಸೀರೆ ಪಿನ್ನಿನಿಂದ ಮೇಲ್ಪದರ ಕೆರೆದು, ಮತ್ತೊಮ್ಮೆ. ಕಾಗದ ಹರಿಯಿತೇ ಹೊರತು ಗೆರೆ ಮೂಡಲಿಲ್ಲ.

"ಏನು ಮಾಡ್ತಾ ಇದೀಯಮ್ಮ?"

"ಆಂಟಿ." ಅವಳು ಹರಿದ ಕಾಗದವನ್ನು ತೋರಿಸಿದಳು. ಆ ಮಜ್ಜಿಗೆ ಈಗ ಬೇಕಿತ್ತು. "ಇದರಲ್ಲಿ ಸೀಸವೇ ಇಲ್ಲ."

"ಅಂದ್ರೆ?"

"ನೀವು ಒಲೆ ಮೇಲೆ ಇಟ್ಟಿದ್ದೇ ಅಸಲಿ ಅಲ್ಲ. ಅದೂ ನಕಲಿ. ನಿಮಗಿಂತ ಮೊದಲೇ ಯಾರೋ ಬದಲಾಯಿಸಿದ್ದಾರೆ. ಆವತ್ತು ತಳದಲ್ಲಿ ಹೆಸರು ಇತ್ತಾ?"

"ಒಲೆ ಮೇಲೆ ಇಡುವಾಗ ತಳ ಯಾರು ನೋಡ್ತಾರೆ?" ಎಂದ ಪಂಕಜಾ, ಅಷ್ಟಕ್ಕೇ ನಿಂತರು. ಅವರ ಮುಖದಲ್ಲಿ ನಿಧಾನವಾಗಿ ಏನೋ ಬೆಳಗಿತು. ಮೊನ್ನೆಯಿಂದ ಬಾಗಿದ್ದ ಬೆನ್ನು ನೆಟ್ಟಗಾಯಿತು. "ಹಾಗಾದ್ರೆ... ನಾನು ಅವರ ಬಟ್ಟಲು ಹಾಳು ಮಾಡ್ಲಿಲ್ಲ?"

"ಇಲ್ಲ, ಆದ್ರೆ..."

"ನಾನು ಮಾಡ್ಲಿಲ್ಲ!" ಪಂಕಜಾ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುದ್ದೆಯನ್ನು ರಾಜಶ್ರೀಯ ಕೈಯಿಂದ ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದರು. "ಎರಡು ತಿಂಗಳು ನಿದ್ದೆ ಇಲ್ದೇ ಒದ್ದಾಡಿದೀನಿ, ಒಂದು ಅಂಗಡಿ ಆಟದ ಸಾಮಾನಿಗೆ! ಹಾಗಾದ್ರೆ ಅವರಿಗೆ ಹೇಳೋ ಅಗತ್ಯವೇ ಇಲ್ವಲ್ಲ."

"ಆಂಟಿ, ಹೇಳಲೇಬೇಕು! ಮಂಗಮ್ಮ..."

"ನೀನೇ ಹೇಳಿದ್ಯಲ್ಲಮ್ಮ, ಯಾರೋ ಬದಲಾಯಿಸಿದಾರೆ ಅಂತ. ಬೀರು ಒರೆಸ್ತಿದ್ದೋಳು ಅವಳು ತಾನೆ?"

ರಾಜಶ್ರೀಗೆ ತನ್ನ ಕೈಯನ್ನೇ ಕಚ್ಚಿಕೊಳ್ಳಬೇಕೆನಿಸಿತು. ಐದು ನಿಮಿಷದ ಹಿಂದೆ ಈ ಹೆಂಗಸು ತಪ್ಪೊಪ್ಪಿಕೊಂಡಿದ್ದಳು. ಮಂಗಮ್ಮ ಬಿಡುಗಡೆಯಾಗಿದ್ದಳು. ಸುಮ್ಮನೆ ಕೂರಲಾರದೆ ಎಳೆದ ಒಂದು ಗೆರೆ, ಅದೂ ಬೀಳದ ಗೆರೆ, ಎಲ್ಲವನ್ನೂ ಕೆಡಿಸಿತ್ತು. ಫೋನಿನಲ್ಲಿ ಒಂದು ಮಾತನ್ನೂ ರೆಕಾರ್ಡ್ ಮಾಡಿಕೊಂಡಿರಲಿಲ್ಲ. ಕೈಯಲ್ಲಿದ್ದ ಸಾಕ್ಷಿ ಎಂದರೆ ಯಾರದೋ ಮದುವೆ ಪತ್ರಿಕೆಯ ಖಾಲಿ ಹಿಂಬದಿ.

ಯೋಚಿಸು. ಯೋಚಿಸು.

"ಮಾಧವ ಹೊಸ ಬಟ್ಟಲು ತರಿಸಿಕೊಟ್ಟರು ಅಂದ್ರಲ್ಲ. ಎಷ್ಟು ದಿನಕ್ಕೆ ಬಂತು?"

"ಬೇಗ ಬಂತಪ್ಪ. ಸೋಮವಾರ ಅವನಿಗೆ ಹೇಳಿದೆ. ಗುರುವಾರ ತಂದುಕೊಟ್ಟ."

"ಮೂರು ದಿನ."

"ಹೂಂ. ನಮ್ಮ ಮಾಧವ ಅಂಥ ಕೆಲಸದಲ್ಲಿ ಚುರುಕು."

ಅಮೆರಿಕದಿಂದ ಒಂದು ಪಾರ್ಸಲ್, ಕಸ್ಟಮ್ಸ್ ದಾಟಿ, ಜಯನಗರಕ್ಕೆ ಮೂರು ದಿನದಲ್ಲಿ? ಕಳೆದ ವರ್ಷ ರಾಜಶ್ರೀ ತರಿಸಿದ ಒಂದು ಕ್ಯಾಮೆರಾ ಲೆನ್ಸ್ ಐದು ವಾರ ವಿಮಾನ ನಿಲ್ದಾಣದ ಗೋದಾಮಿನಲ್ಲಿ ಕೂತಿತ್ತು. ಮಾಧವನ ಬಳಿ ಆ ಬಟ್ಟಲು ಮೊದಲೇ ಇತ್ತು. ಒಂದನ್ನು ಬೀರುವಿನಲ್ಲಿ ಇಟ್ಟವನು ಜೊತೆಗೆ ಇನ್ನೊಂದನ್ನೂ ತರಿಸಿಟ್ಟುಕೊಂಡಿದ್ದ.

"ಆಂಟಿ, ಈ ಮೂರು ದಿನದ ಮಾತನ್ನ ನೀವು ಸಾರ್ ಮುಂದೆ ಹೇಳಬೇಕು. ಇಷ್ಟೇ ಸಾಕು. ಬೇರೇನೂ ಬೇಡ."

ಪಂಕಜಾ ಅವಳ ಮುಖವನ್ನೇ ನೋ‌ಡಿದರು. ಅವರಿಗೆ ಲೆಕ್ಕ ಬಾರದೆ ಇರಲಿಲ್ಲ. ನಿಧಾನಕ್ಕೆ, ಬಹಳ ನಿಧಾನಕ್ಕೆ, ಅವರ ಕಣ್ಣಿನ ಬೆಳಕು ಆರಿತು.

ಗೇಟು ಕಿರುಗುಟ್ಟಿತು.

*

ಪ್ರೊಫೆಸರ್ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೇ ಬಂದರು. ಎರಡೂ ಅಂಗೈಯಲ್ಲಿ, ಹಸುಗೂಸನ್ನು ಹಿಡಿದ ಹಾಗೆ, ಒಂದು ಬಟ್ಟಲು.

"ಸಿಕ್ತು ಪಂಕಜಾ! ಸಿಕ್ತು!"

ಕಿವಿಯ ಹೂಬಳ್ಳಿ ಸವೆದು ನುಣುಪಾಗಿತ್ತು. ತಳದಲ್ಲಿ ಮಸುಕಾದ ಹದ್ದು. ಪಕ್ಕದಲ್ಲಿ ಉಳಿಯಿಂದ ಕುಟ್ಟಿದ, ಒಂದು ಆಳ ಒಂದು ತೇಲು ಚುಕ್ಕಿಗಳಲ್ಲಿ, 'ಪಂ. ರಾ. ೧೯೮೫'. ಪ್ರೊಫೆಸರ್ ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಎಳೆದುಕೊಂಡು ಬಟ್ಟಲಿನ ಅಂಚನ್ನು ಒತ್ತಿ ಎಳೆದರು. ಕಡು ಬೂದು ಗೆರೆಯೊಂದು ನೇರವಾಗಿ ಮೂಡಿತು.

"ಎಲ್ಲಿ ಸಿಕ್ತು ಸಾರ್?" ರಾಜಶ್ರೀ ಕೇಳಿದಳು.

"ಎಲ್ಲಿ ಅಂತೀರ? ಅವಳ ಮನೆ ಅಟ್ಟದ ಮೇಲೆ!" ಹಿಂದಿನಿಂದ ಬಂದ ಮಾಧವ ಉತ್ತರಿಸಿದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ. ತೋಳಿಗೆ ಮಾತ್ರ ಒಂದಿಷ್ಟು ಜೇಡರ ಬಲೆ ಮೆತ್ತಿತ್ತು. "ಕೊನೇ ಸಲ ಮರ್ಯಾದೆಯಿಂದ ಕೇಳೋಣ ಅಂತ ಹೋದ್ವಿ. ಅವಳ ಗಂಡ ಚಿಕ್ಕಬೈರಪ್ಪ ಎಗರಾಡಿದ. ಹುಡುಕ್ರಿ, ಇಡೀ ಮನೆ ಹುಡುಕ್ರಿ, ಸಿಕ್ಕಿದ್ರೆ ನನ್ನ ಮೀಸೆ ಬೋಳಿಸ್ತೀನಿ ಅಂದ. ಹಳೇ ಹಂಡೆ ಒಳಗೆ ಇತ್ತು."

"ಹಂಡೆ ಇಳಿಸಿದ್ದು ಯಾರು?"

"ನಾನೇ. ಯಾಕೆ ಮೇಡಂ?"

"ಅಟ್ಟಕ್ಕೆ ನೀವೊಬ್ರೇ ಹತ್ತಿದ್ರಾ?"

ಮಾಧವ ನಕ್ಕ. "ಮಾವನಿಗೆ ಎಪ್ಪತ್ತೆರಡು ವರ್ಷ ಮೇಡಂ. ಅವರನ್ನ ಏಣಿ ಹತ್ತಿಸ್ಲಾ?"

"ಮಂಗಮ್ಮ ಏನಂದ್ಲು?" ಕೇಳಿದ್ದು ಪಂಕಜಾ.

ಪ್ರೊಫೆಸರರ ಉತ್ಸಾಹ ಸ್ವಲ್ಪ ಇಳಿಯಿತು. "ಏನೂ ಅನ್ನಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬೀದಿ ಜನವೆಲ್ಲ ಸೇರಿದ್ರು. ಒಂದು ಮಾತು... ಒಂದೇ ಒಂದು ಮಾತು ಆಡಲಿಲ್ಲ."

ಏನೂ ಮಾತಾಡಬೇಡಿ ಎಂದು ಹೇಳಿದ್ದು ರಾಜಶ್ರೀಯೇ.

"ಠಾಣೆಗೆ ಫೋನ್ ಮಾಡ್ದೆ, ಜೀಪ್ ಬಂತು. ಕರ್ಕೊಂಡು ಹೋದ್ರು," ಎಂದ ಮಾಧವ. "ಮಾವ ಹೋಗಿ ದೂರಿಗೆ ಸೈನ್ ಹಾಕಿದ್ರೆ ಆಯ್ತು. ಆಧಾರ್ ಕಾರ್ಡ್ ತಗೊಳ್ಳೋಕೆ ಬಂದ್ವಿ."

"ಸಾರ್, ಸೈನ್ ಹಾಕಬೇಡಿ." ರಾಜಶ್ರೀ ಅವರಿಗೆ ಅಡ್ಡ ನಿಂತಳು. "ಎರಡು ನಿಮಿಷ. ನಿಮ್ಮ ಮನೆಯವರು ನಿಮಗೊಂದು ವಿಷಯ ಹೇಳಬೇಕು."

ಎಲ್ಲರ ಕಣ್ಣೂ ಪಂಕಜಾರ ಕಡೆ ತಿರುಗಿತು. ಮಾಧವನದೂ. ಅವನು ಮೊದಲು ರಾಜಶ್ರೀಯನ್ನು ನೋಡಿದ, ಆಮೇಲೆ ಅತ್ತೆಯ ಕೈಯಲ್ಲಿದ್ದ ಬಟ್ಟೆ ಗಂಟನ್ನು. ಅವನ ತುಟಿಯ ಮೇಲಿನ ನಗು ಹೋಗಲಿಲ್ಲ, ಆದರೆ ಅಲ್ಲಾಡುವುದನ್ನು ನಿಲ್ಲಿಸಿತು.

"ಅತ್ತೆ?" ಎಂದ ಅವನು, ಬಹಳ ಮೃದುವಾಗಿ. "ಏನತ್ತೆ ಅದು?"

"ಹೇಳಿ ಆಂಟಿ," ಎಂದಳು ರಾಜಶ್ರೀ. "ಹೊಸ ಬಟ್ಟಲು ಎಷ್ಟು ದಿನಕ್ಕೆ ಬಂತು?"

ಪ್ರೊಫೆಸರ್ ಹೆಂಡತಿಯ ಮುಖ ನೋಡುತ್ತಿದ್ದರು. ಕೈಯಲ್ಲಿ ಅವರ ಬಟ್ಟಲು ಇತ್ತು, ಒಂದು ಗೀರೂ ಇಲ್ಲದೆ. ಪಂಕಜಾ ಗಂಡನನ್ನು ನೋಡಿದರು. ತಮ್ಮ ಮಡಿಲಲ್ಲಿ ಆಡಿ ಬೆಳೆದ ಅಣ್ಣನ ಮಗನನ್ನು ನೋಡಿದರು. ಆಮೇಲೆ ಗಂಟನ್ನು ಕಾಫಿಪುಡಿ ಡಬ್ಬಿಯೊಳಗೆ ಹಾಕಿ, ಮುಚ್ಚಳ ಒತ್ತಿ, ಕಟ್ಟೆಯ ಕೆಳಗೆ ಅದರ ಗೂಡಿಗೆ ಸರಿಸಿದರು.

"ಯಾವ ಬಟ್ಟಲು ಕಣಮ್ಮ?" ಎಂದರು.

ಫ್ರಿಜ್ ತೆಗೆದು ಹಾಲಿನ ಪಾತ್ರೆಗೆ ಕೈ ಹಾಕಿದರು. "ಮಾಧವ, ನಿಂತೇ ಇದೀಯಲ್ಲೋ. ಕೂತ್ಕೋ. ಕಾಫಿ ಕುಡಿದು ಹೋಗಿ ಸೈನ್ ಹಾಕಿ ಬನ್ನಿ."